ಏಳನೇ ತೊಟ್ಟಿಯ ಕಡಲಮೊಲ

ಸುದರ್ಶನನನ್ನು ಮಣ್ಣು ಮಾಡಿ ಬಂದ ಮರುದಿನವೇ ಧನುಶ್ರೀ ಪ್ರಯೋಗಾಲಯದ ಬೀಗ ತೆಗೆಯಬೇಕಾಯಿತು. ತೊಟ್ಟಿಯಲ್ಲಿರುವ ಜೀವಕ್ಕೆ ಸೂತಕವಿಲ್ಲ. ನೀರಿನ ಉಪ್ಪು ಅಳೆಯಬೇಕು, ಗಾಳಿಯ ಪಂಪು ನಿಂತಿದೆಯೋ ನಡೆಯುತ್ತಿದೆಯೋ ನೋಡಬೇಕು, ಮೇವು ಹಾಕಬೇಕು. ಈ ಕೆಲಸಕ್ಕೆಂದು ಇದ್ದವರು ಇಬ್ಬರೇ, ಅವನು ಮತ್ತು ಅವಳು. ಈಗ ಅವಳೊಬ್ಬಳು.

ಹಾಸನದ ಹೊರವಲಯದ ಆ ಸ್ನಾತಕೋತ್ತರ ಕೇಂದ್ರದಲ್ಲಿ ಸಮುದ್ರದ ಪ್ರಾಣಿ ಸಾಕುತ್ತಾರೆಂದರೆ ಕೇಳಿದವರು ನಗುತ್ತಿದ್ದರು. ಸಮುದ್ರವಿರುವುದು ಘಟ್ಟದ ಕೆಳಗೆ. ಸುದರ್ಶನ ಎರಡು ತಿಂಗಳಿಗೊಮ್ಮೆ ಮಂಗಳೂರು ರೈಲು ಹತ್ತಿ ಹೋಗಿ, ಬಂಡೆಗಳ ನಡುವೆ ಮೊಣಕಾಲುದ್ದ ನೀರಿನಲ್ಲಿ ಹುಡುಕಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಕಡಲಮೊಲ ಎಂದು ಹೆಸರು, ಆದರೆ ಮೊಲವಲ್ಲ. ಚಿಪ್ಪು ಕಾಣದ, ಅಂಗೈಗಿಂತ ದೊಡ್ಡದಾದ, ಕಂದು ಬಣ್ಣದ ಬಸವನಹುಳು. ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಕೊಂಬು. ಅದರ ನರಕೋಶಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ, ಕಿತ್ತಳೆ ಬಣ್ಣದ ಸಾಸಿವೆ ಕಾಳಿನ ಹಾಗೆ. ಹಸಿವು ಎಲ್ಲಿ ಹುಟ್ಟುತ್ತದೆ, ತಿನ್ನು ಎನ್ನುವುದು ಯಾರು, ಸಾಕು ಎನ್ನುವುದು ಯಾರು ಎಂದು ಒಂದೊಂದೇ ಕೋಶವನ್ನು ಹಿಡಿದು ಕೇಳಬಹುದಾದ ಪ್ರಾಣಿ ಅದು.

ಸುದರ್ಶನ ಇದನ್ನು ಹೇಳಿಕೊಡುತ್ತಿದ್ದ ರೀತಿ ಅವಳ ಕಣ್ಣಲ್ಲೇ ಇತ್ತು. ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ನೋಡು, ಇದರ ನಾಲಿಗೆ ಹಿಂಗೆ. ಒಳಗೆ ಬರುವಾಗ ಮುಷ್ಟಿ ಕಟ್ಟಿದ್ರೆ ನುಂಗೋದು. ಹೊರಗೆ ಹೋಗುವಾಗ ಮುಷ್ಟಿ ಕಟ್ಟಿದ್ರೆ ಉಗಿಯೋದು. ಬಾಯಿ ಬುಡದಲ್ಲಿ ಒಂದು ನರಗಂಟು ಇದೆಯಲ್ಲ, ಎರಡೂ ಕೆಲಸ ಅದರದ್ದೇ. ಬೇಕು ಅನ್ನೋದೂ ಬೇಡ ಅನ್ನೋದೂ ಒಂದೇ ಮನೇಲಿ ವಾಸ."

ಅವನ ಪ್ರಯೋಗ ಬೇಡ ಎನ್ನುವುದರ ಬಗ್ಗೆ. ಎಲೆಯಂಥ ಹಸಿರು ಪಾಚಿಯೆಂದರೆ ಕಡಲಮೊಲಕ್ಕೆ ಪ್ರಾಣ. ಅದನ್ನು ಸಣ್ಣ ನೈಲಾನ್ ಬಲೆಯಲ್ಲಿ ಸುತ್ತಿ ಕೊಡುತ್ತಿದ್ದ. ವಾಸನೆ ಬರುತ್ತದೆ, ರುಚಿಯೂ ತಾಗುತ್ತದೆ. ಪ್ರಾಣಿ ಆಸೆಯಿಂದ ಬಾಯಿಗೆಳೆದುಕೊಳ್ಳುತ್ತದೆ. ಬಲೆ ಗಂಟಲಿಗೆ ಇಳಿಯುವುದಿಲ್ಲ, ಉಗಿಯುತ್ತದೆ. ಮತ್ತೆ ಎಳೆದುಕೊಳ್ಳುತ್ತದೆ, ಮತ್ತೆ ಉಗಿಯುತ್ತದೆ. ಕೊನೆಗೆ ಸೋತು ಸುಮ್ಮನಾಗುತ್ತದೆ. ಹೀಗೆ ಐದು ದಿನ ಕಲಿಸಿದ ಮೇಲೆ ಆ ಪಾಚಿಯನ್ನು ತುಟಿಗೆ ಮುಟ್ಟಿಸಿದರೂ ತಲೆ ತಿರುಗಿಸಿಬಿಡುತ್ತದೆ. ಬೇರೆ ಪಾಚಿ ಕೊಟ್ಟರೆ ತಿನ್ನುತ್ತದೆ, ಅದೊಂದು ಮಾತ್ರ ಬೇಡ. ಆ ಬೇಡ ಎಷ್ಟು ದಿನ ಉಳಿಯುತ್ತದೆ, ನರಗಂಟಿನ ಯಾವ ಕೋಶದಲ್ಲಿ ಕೂತಿರುತ್ತದೆ ಎಂಬುದು ಅವನ ಪ್ರಶ್ನೆ.

ಆ ವರ್ಷ ತಂದದ್ದು ಏಳು. ಎರಡನ್ನು ಆಗಲೇ ಕೊಯ್ದು ನೋಡಿ ಮುಗಿದಿತ್ತು. ಕರೆಂಟು ಹೋಗಿ ನೀರು ಬಿಸಿಯಾದ ದಿನ ನಾಲ್ಕು ಸತ್ತವು. ಉಳಿದದ್ದು ಏಳನೇ ತೊಟ್ಟಿಯದೊಂದೇ. ಅದರ ಪಾಠ ಮುಗಿದದ್ದು ಶನಿವಾರ. ಮಂಗಳವಾರ ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ, ಹಾಸನದ ಬಸ್ಸಿಗೆ ಕಾಲಿಡುವಾಗ, ಸುದರ್ಶನ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತೊಂದು ವರ್ಷ.

ಬುಧವಾರ ಧನುಶ್ರೀ ಏಳನೇ ತೊಟ್ಟಿಯ ಮುಂದೆ ನಿಂತು ಚಿಮಟದಲ್ಲಿ ಹಸಿರು ಪಾಚಿಯ ಚೂರು ಹಿಡಿದು ನೀರಿಗಿಳಿಸಿದಳು. ಕಡಲಮೊಲ ಕತ್ತೆತ್ತಿತು. ಕೊಂಬುಗಳು ಅಲುಗಾಡಿದವು. ತುಟಿಗೆ ಪಾಚಿ ತಾಗಿತು, ಬಾಯಿ ತುಸು ತೆರೆಯಿತು. ಆಮೇಲೆ ನಿಧಾನವಾಗಿ ತಲೆಯನ್ನು ಎಡಕ್ಕೆ ತಿರುಗಿಸಿಕೊಂಡಿತು.

ಅವಳು ಹಿಂದೆ ತಿರುಗಿ ನೋಡಿದಳು. ಕೋಣೆಯಲ್ಲಿ ಯಾರೂ ಇಲ್ಲ. ಆದರೆ ಈಗ ತಾನೇ ಕಂಡದ್ದು ಅವನು ಮಾಡಿದ್ದು. ಅವನ ಕೈ ಮಣ್ಣಿನಡಿ ಇದೆ, ಆ ಕೈ ಕಲಿಸಿದ ಪಾಠ ಇಲ್ಲಿ ಉಪ್ಪುನೀರಿನಲ್ಲಿ ತಲೆ ತಿರುಗಿಸುತ್ತಿದೆ. "ಹೂಂ, ನೋಡಿದೆ," ಎಂದು ಅವಳು ಜೋರಾಗಿ ಹೇಳಿದಳು. ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

ಅಂದಿನಿಂದ ದಿನವೂ ಅದೇ. ಊರಿಂದ ಹೊಳೆನರಸೀಪುರದ ಮೇಲೆ ಮೊದಲ ಬಸ್ಸಿಗೆ ಬಂದು, ಬೇರೆ ಕೆಲಸಕ್ಕೆ ಮುಂಚೆ ಪಾಚಿ ಮುಟ್ಟಿಸುವುದು, ತಲೆ ತಿರುಗುವುದನ್ನು ನೋಡುವುದು. ತಿರುಗಿದರೆ ಎದೆಗೆ ಸಮಾಧಾನ. ಅವನಿನ್ನೂ ಪೂರ್ತಿ ಹೋಗಿಲ್ಲ. ಮಧ್ಯಾಹ್ನ ಪಂಪಿನ ಗುಳುಗುಳು ಸದ್ದಿನಲ್ಲಿ ಅವನು ಗಂಟಲು ಸರಿಮಾಡಿಕೊಂಡಂತೆ ಕೇಳುತ್ತಿತ್ತು. ಯಾರೋ ಹಿಂದೆ ನಿಂತು ತೊಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದಾರೆ ಎನಿಸಿ ಜಾಗ ಬಿಡುತ್ತಿದ್ದಳು. ಮನೆಯಲ್ಲಿ ಅವಳು ಯಾರಿಗೂ ಏನೂ ಹೇಳಿರಲಿಲ್ಲ. ಅಪ್ಪ ತಮ್ಮಯ್ಯ ಹಳೇಕೋಟೆ ಹತ್ತಿರದ ಊರಿನಲ್ಲಿ ಪಂಚಾಯ್ತಿಯ ನೀರುಗಂಟಿ. ಮಗಳ ಜೊತೆ ಓದುತ್ತಿದ್ದ ಹುಡುಗ ತೀರಿಕೊಂಡ ಎಂದಷ್ಟೇ ಅವನಿಗೆ ಗೊತ್ತು.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು, ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅವನು ಹೋಗುವ ಹಿಂದಿನ ದಿನ, ಸೋಮವಾರ ಸಂಜೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸುದರ್ಶನ ಹೇಳಿದ್ದ, "ಇವತ್ತು ಮನೇಲಿ ಅಮ್ಮಂಗೆ ನಮ್ಮ ವಿಷಯ ಹೇಳೇಬಿಡ್ತೀನಿ."

"ಹೇಳೋದಾದ್ರೆ ಪೂರ್ತಿ ಹೇಳು," ಅಂದಿದ್ದಳು ಅವಳು. "ನನ್ನ ಹೆಸರು, ಊರು, ನಾವು ಯಾವ ಜನ, ಎಲ್ಲಾನೂ. ಆಮೇಲೆ ನಮಗೆ ಗೊತ್ತಿರಲಿಲ್ಲ ಅನ್ನೋ ಮಾತು ಬರಬಾರದು. ಅರ್ಧ ಹೇಳೋದಾದ್ರೆ ಹೇಳಲೇಬೇಡ."

ಆಯ್ತು ಎಂದು ಬಸ್ಸು ಹತ್ತಿದ. ಹೇಳಿದನೋ, ಬಾಯಿಗೆ ಬಂದದ್ದನ್ನು ನುಂಗಿಕೊಂಡನೋ? ಇನ್ನು ಯಾರನ್ನು ಕೇಳುವುದು?

ಹನ್ನೊಂದನೇ ದಿನದ ತಿಥಿ ಕಳೆದ ಮರುದಿನ ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತೈದು ಅರವತ್ತರ ಆಸುಪಾಸು, ಬಾಡಿದ ಮುಖ, ಕಂಕುಳಲ್ಲಿ ಸುದರ್ಶನನ ಬ್ಯಾಗು. ಮಣ್ಣಿನ ದಿನ ದೂರದಿಂದ ನೋಡಿದ್ದಳು ಧನುಶ್ರೀ. ಅವನ ತಾಯಿ ಕಾಮಾಕ್ಷಮ್ಮ.

"ಇದ್ರಾಗೆ ಇಲ್ಲಿನ್ ಬೀಗದ್ ಕೈ ಅದೆ, ಪುಸ್ತಕ ಅದೆ. ಕೊಟ್ಟೋಗಾನ ಅಂತ ಬಂದೆ," ಎಂದು ಬ್ಯಾಗು ಮೇಜಿನ ಮೇಲಿಟ್ಟಳು. "ನನ್ ಮಗನ್ ಜೊತೆ ಓದ್ತಿದ್ದೋಳು ನೀನೇನವ್ವ?"

"ಹೂಂ ಅಮ್ಮ."

"ಎಸ್ರೇನು?"

"ಧನುಶ್ರೀ."

"ಯಾವೂರು?"

"ಹಳೇಕೋಟೆ ಹತ್ರ."

ಕಾಮಾಕ್ಷಮ್ಮ ಮುಂದಿನ ಪ್ರಶ್ನೆ ಕೇಳಲಿಲ್ಲ. ಹೊಸಬರನ್ನು ಕಂಡ ಯಾವ ಹೆಂಗಸೂ ಅಲ್ಲಿಗೆ ನಿಲ್ಲಿಸುವುದಿಲ್ಲ. ಹಳೇಕೋಟೆಯಲ್ಲಿ ಯಾರ ಪೈಕಿ, ಅಪ್ಪ ಏನು ಮಾಡುತ್ತಾನೆ ಎಂದು ಕೇಳಿಯೇ ಕೇಳುತ್ತಾಳೆ. ಇವಳು ಕಣ್ಣು ಕೆಳಗೆ ಹಾಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಧನುಶ್ರೀಗೆ ಅನಿಸಿತು, ಹೇಳಿದ್ದಾನೆ.

ಕಾಮಾಕ್ಷಮ್ಮ ತೊಟ್ಟಿಗಳ ಕಡೆ ನೋಡಿ ಕೇಳಿದಳು, "ಇವ್ನು ಇಲ್ಲೇನ್ ಮಾಡ್ತಿದ್ದ? ಊರಾಗೆ ಯಾರ್ನ್ ಕೇಳುದ್ರೂ ಉಳ ಸಾಕ್ತಿದ್ದ ಅಂತಾರೆ."

ಧನುಶ್ರೀ ಏಳನೇ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು. ತಾಯಿಗೆ ನೆಮ್ಮದಿಯಾಗಲೆಂದು, ತನಗೆ ಇಷ್ಟು ದಿನ ನೆಮ್ಮದಿ ಕೊಟ್ಟದ್ದನ್ನೇ ತೋರಿಸಿದಳು. ಪಾಚಿ ಇಳಿಸಿದಳು. ಪ್ರಾಣಿ ಕತ್ತೆತ್ತಿ, ತುಟಿಗೆ ತಾಗಿದ್ದೇ ಎಡಕ್ಕೆ ತಿರುಗಿತು.

"ನೋಡಿ ಅಮ್ಮ. ಇದು ಅವರು ಕಲಿಸಿದ್ದು. ಅವರು ಹೋಗಿ ಇಷ್ಟು ದಿನ ಆದ್ರೂ ಇದು ಮರೆತಿಲ್ಲ."

"ಏನ್ ಕಲ್ಸವ್ನೆ?"

ಧನುಶ್ರೀ ಬಲೆಯ ವಿಷಯ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಕಾಮಾಕ್ಷಮ್ಮನ ಮುಖ ಕಪ್ಪಿಟ್ಟಿತು.

"ಬಾಯಿಗ್ ಬಂದ್ ತುತ್ತ ಬ್ಯಾಡ ಅನ್ನಾದ್ ಕಲ್ಸವ್ನಾ?"

"ಉಪವಾಸ ಇಲ್ಲ ಅಮ್ಮ, ಕೆಂಪು ಪಾಚಿ ಕೊಟ್ರೆ ತಿನ್ನುತ್ತೆ."

"ಅದಲ್ಲ ಕಣವ್ವ ನಾನ್ ಕೇಳ್ತಿರಾದು. ಮೂರ್ನೇ ದಿನ ಆಲುತುಪ್ಪ ಬುಟ್ಟು ಮಣ್ಣತ್ರ ಎಡೆ ಇಟ್ಟು ಒತ್ತು ಇಳಿಯೋಗಂಟ ಕಾಯ್ದೋ. ಅವ್ನಿಗ್ ಬೇಕಾದ್ದೆಲ್ಲ ಇಟ್ಟಿದ್ದೆ. ಒಂದ್ ಕಾಗೆ ಮುಟ್ಲಿಲ್ಲ. ಮರದ್ ಮ್ಯಾಲ್ ಕೂತ್ಕಂಡು ಮೊಕ ತಿರುಗ್ಸ್ಕಂಡ್ವು. ಇಲ್ಲಿಗ್ ಬಂದ್ರೆ ಇದೂ ಅಂಗೇ ತಿರುಗುಸ್ತದಲ್ಲ!" ಅವಳು ತೊಟ್ಟಿಯ ಕಡೆ ಕೈ ತೋರಿಸಿದಳು. "ಇದ್ನಾ ನನ್ ಮಗ ಬಿಟ್ಟೋಗಿರಾದು?"

ಅಂದು ಅವಳು ನಿಲ್ಲಲಿಲ್ಲ, ಹೋಗಿಬಿಟ್ಟಳು. ಮರುದಿನ ಹನ್ನೊಂದು ಗಂಟೆಗೆ ಮತ್ತೆ ಬಂದಳು. ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು, "ನಾನ್ ತಿನ್ಸ್ತೀನಿ ಬುಡವ್ವ," ಅಂದಳು.

"ಬೇಡ ಅಮ್ಮ. ಬಲೆಯಿಲ್ಲದ ಪಾಚಿ ಒಂದು ಸಲ ಗಂಟಲಿಗಿಳಿದ್ರೆ, ಇದು ತಿನ್ನಬಹುದು ಅಂತ ಮತ್ತೆ ಕಲಿತುಬಿಡುತ್ತೆ. ಅವರು ಕಲಿಸಿದ್ದು ಅಳಿಸಿ ಹೋಗುತ್ತೆ."

"ಅಳ್ಸೋಗ್ಲಿ ಅಂತ್ಲೇ ನಾನ್ ಬಂದಿರಾದು."

ಧನುಶ್ರೀ ಬಿಡಲಿಲ್ಲ. ಕಾಮಾಕ್ಷಮ್ಮ ಜಗಳವಾಡಲಿಲ್ಲ. ಸುಮ್ಮನೆ ಕೂತು ನೋಡಿ, ಎರಡು ಗಂಟೆಯ ಬಸ್ಸಿಗೆ ಎದ್ದು ಹೋದಳು. ಅದರ ಮರುದಿನವೂ ಬಂದಳು. ಹೀಗೆ ನಾಲ್ಕು ದಿನ. ಒಬ್ಬಳು ನೀರು ಬದಲಿಸುವುದು, ಇನ್ನೊಬ್ಬಳು ತೊಟ್ಟಿಯನ್ನೇ ದಿಟ್ಟಿಸುವುದು. ಸತ್ತವನು ಇಬ್ಬರ ಮಧ್ಯೆ ನಿಂತಿದ್ದ. ಒಬ್ಬಳು ಅವನನ್ನು ಹಿಡಿದಿಟ್ಟುಕೊಳ್ಳಬೇಕು ಅನ್ನುತ್ತಿದ್ದಳು, ಇನ್ನೊಬ್ಬಳು ಬಿಡಿಸಿ ಕಳಿಸಬೇಕು ಅನ್ನುತ್ತಿದ್ದಳು.

ಮಾರ್ಗದರ್ಶಕರಾದ ಪ್ರೊಫೆಸರ್ ಪರಮಶಿವಯ್ಯನವರು ಅವಳನ್ನು ಕೋಣೆಗೆ ಕರೆಸಿದರು. ಒಳ್ಳೆಯವರು, ಮಾತು ಒರಟು. "ಪಾಪ, ತಾಯಿ ಕೂತ್ಕೊಳ್ಳಲಿ, ಬೇಡ ಅನ್ನಲ್ಲ. ಆದ್ರೆ ಮನಸ್ಸು ಗಟ್ಟಿ ಮಾಡ್ಕೋ. ಪಾಠ ಮುಗಿದು ಇಪ್ಪತ್ತೊಂದನೇ ದಿನ ಅಂತ ಅವನೇ ಗುರುತು ಹಾಕಿಟ್ಟಿದಾನೆ. ಆವತ್ತು ಕೊಯ್ದು, ಬಾಯಿಯ ನರಗಂಟು ತೆಗೆದು ಅದರ ವಿದ್ಯುತ್ ಸಂಕೇತಗಳ ರೆಕಾರ್ಡಿಂಗ್ ಮಾಡು. ಇಷ್ಟು ದಿನ ಉಳಿದ ನೆನಪು ಇನ್ನೊಂದು ಸಿಗಲ್ಲ. ಪ್ರಬಂಧದಲ್ಲಿ ಅವನ ಹೆಸರನ್ನೇ ಮೊದಲು ಹಾಕೋಣ."

"ಸರಿ ಸರ್," ಅಂದಳು.

ಅದು ಸರಿಯೇ ಆಗಿತ್ತು. ಕೊಯ್ಯದಿದ್ದರೂ ಆ ಪ್ರಾಣಿ ಬದುಕುವುದು ಹೆಚ್ಚೆಂದರೆ ಇನ್ನು ಕೆಲವು ತಿಂಗಳು. ಕೊಯ್ದರೆ ಆ ಬೇಡ ಯಾವ ಕೋಶದಲ್ಲಿದೆ ಎಂದು ಕಾಣುತ್ತದೆ, ಕಾಗದದ ಮೇಲೆ ಉಳಿಯುತ್ತದೆ, ಅವನ ಹೆಸರಿನ ಕೆಳಗೆ. ಆದರೆ ಎರಡು ರಾತ್ರಿಯಿಂದ ಅವಳಿಗೆ ಒಂದೇ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅವನು ಊಟದ ತಟ್ಟೆಯ ಮುಂದೆ ಕೂತಿರುತ್ತಿದ್ದ. ಅವಳು ಬಡಿಸಲು ಹೋದರೆ ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿಕೊಳ್ಳುತ್ತಿದ್ದ.

ಇಪ್ಪತ್ತನೇ ದಿನ ಶುಕ್ರವಾರ. ಕಾಮಾಕ್ಷಮ್ಮ ಬಂದು ಕೂತಾಗ ಧನುಶ್ರೀ ಮರುದಿನಕ್ಕೆಂದು ಕತ್ತರಿ, ಸೂಜಿಗಳನ್ನು ತೊಳೆದು ಜೋಡಿಸುತ್ತಿದ್ದಳು.

"ಇದ್ನ ಕುಯ್ದ್ಬುಡ್ತೀರಾ?"

"ಹೂಂ ಅಮ್ಮ."

ಕಾಮಾಕ್ಷಮ್ಮ ಸ್ಟೂಲನ್ನು ತೊಟ್ಟಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ತೊಟ್ಟಿಯ ಕಡೆಗೇ ಮುಖ ಮಾಡಿಕೊಂಡು, ಅದಕ್ಕೆ ಹೇಳುವವಳ ಹಾಗೆ ಮಾತಾಡಿದಳು.

"ಆವತ್ತು ಸೋಮ್ವಾರ. ಒಸಾ ಅವರೇಕಾಯಿ ಬಂದಿತ್ತು, ಸಾರ್ ಮಾಡಿದ್ದೆ. ಮುದ್ದೆ ಇಕ್ಕುದೆ. ಒಂದ್ ತುತ್ತು ಮುರ್ದಿದ್ದ. ಆಗ ಏಳ್ದ, ಅಮ್ಮ, ಇಂಗೊಬ್ಳು ಉಡ್ಗಿ ಅವ್ಳೆ ಅಂತ. ಎಸ್ರ್ ಏಳ್ದ. ಊರ್ ಏಳ್ದ. ಯಾವ್ ಜನ ಅಂದೆ. ಅದ್ನೂ ಮುಚ್ಚಿಡ್ಲಿಲ್ಲ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನು ಅನ್ಬಾರ್ದ್ ಮಾತ್ ಅಂದ್ಬುಟ್ಟೆ ಕಣವ್ವ. ಉಣ್ಣೋ ಅನ್ನದ್ ಮುಂದೆ. ಮುರ್ದಿದ್ ತುತ್ತ ಅಲ್ಲೇ ಇಟ್ಟು ಕೈ ತೊಳ್ಕಂಡ್ ಎದ್ದ. ಬೆಳಿಗ್ಗೆ ಕಾಫಿನೂ ಮುಟ್ಲಿಲ್ಲ. ನಾನೂ ಸಿಟ್ನಲ್ಲಿದ್ದೆ, ಕುಡಿ ಅನ್ಲಿಲ್ಲ. ಕಾಲಿ ಒಟ್ಟೇಲೇ ಓದ. ಕಾಲಿ ಒಟ್ಟೇಲೇ ಬಿದ್ದ."

ಧನುಶ್ರೀ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಅನ್ನಬಾರದ ಮಾತು ಯಾವುದೆಂದು ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ, ಅಂಥ ಮಾತು ಅವಳ ಅಜ್ಜಿ ಮಲ್ಲಿಗಮ್ಮ ಕೇಳಿಸಿಕೊಂಡ ಕಾಲದಿಂದ ಬದಲಾಗಿಲ್ಲ. ಮೊದಲು ಸಿಟ್ಟು ಬಂತು. ಎದ್ದು ಹೋಗಿ ಎಂದು ಹೇಳಲು ಬಾಯಿ ತೆರೆದಳು. ಆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು. ಹೇಳಿದ್ದಾನೆ. ಪೂರ್ತಿ ಹೇಳಿದ್ದಾನೆ. ಹೆಸರು, ಊರು, ಜನ, ಒಂದನ್ನೂ ನುಂಗಿಕೊಂಡಿಲ್ಲ. ಹದಿನೇಳು ದಿನದಿಂದ ತಡೆದಿದ್ದ ಅಳು ನುಗ್ಗಿ ಬಂತು. ಗೋಡೆಯ ಕಡೆ ತಿರುಗಿ ನಿಂತು ಅತ್ತಳು. ಹಿಂದೆ ಸ್ಟೂಲಿನ ಮೇಲೆ ಆ ಹೆಂಗಸೂ ಅಳುತ್ತಿದ್ದಳು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಕಣ್ಣೊರೆಸಿಕೊಂಡು ಧನುಶ್ರೀ ಹೇಳಿದಳು, "ಕೈ ತೊಳ್ಕೊಂಡ್ ಬನ್ನಿ ಅಮ್ಮ. ಸೋಪು ಬೇಡ, ಬರೀ ನೀರಲ್ಲಿ."

ಅದು ಕ್ಷಮೆಯಾಗಿರಲಿಲ್ಲ. ಏನೆಂದು ಅವಳಿಗೂ ಗೊತ್ತಿರಲಿಲ್ಲ. ಡಬ್ಬಿಯಿಂದ ಹಸಿರು ಪಾಚಿಯ ಎಲೆಯೊಂದನ್ನು ತೆಗೆದು, ಬಲೆ ಸುತ್ತದೆ, ಕಾಮಾಕ್ಷಮ್ಮನ ಒದ್ದೆ ಅಂಗೈ ಮೇಲಿಟ್ಟಳು.

ಕಾಮಾಕ್ಷಮ್ಮ ಬಳೆ ಮೇಲಕ್ಕೆ ಸರಿಸಿ ಕೈಯನ್ನು ನೀರಿಗಿಳಿಸಿದಳು. ಕಡಲಮೊಲ ಹತ್ತಿರ ಬಂತು, ಮೂಸಿತು, ಎಡಕ್ಕೆ ತಿರುಗಿತು. ಕೈ ಅಲುಗಲಿಲ್ಲ. ಅದು ತೊಟ್ಟಿಯ ಅಂಚು ಸುತ್ತಿ ಬಂತು, ಬೆರಳನ್ನು ಕೊಂಬಿನಿಂದ ತಡವಿತು, ಮತ್ತೆ ತಿರುಗಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ತಣ್ಣೀರಿಗೆ ಬೆರಳುಗಳು ಬಿಳುಚಿಕೊಂಡವು.

"ನೋವಾಗ್ತಿದ್ರೆ ತೆಗೀರಿ ಅಮ್ಮ."

"ಇರ್ಲಿ ಬುಡು." ಆಮೇಲೆ ತೊಟ್ಟಿಯೊಳಗೆ ಬಗ್ಗಿ, ಬಹಳ ಮೆಲ್ಲಗೆ, "ಉಣ್ಣಪ್ಪ," ಅಂದಳು. "ಉಣ್ಣು. ನಾನೇನೂ ಅನ್ನಾಕಿಲ್ಲ."

ಆ ಮಾತು ಯಾರಿಗೆ ಹೇಳಿದ್ದು ಎಂದು ಧನುಶ್ರೀಗೆ ಸ್ಪಷ್ಟವಿತ್ತು. ಪಂಪಿನ ಸದ್ದು ಒಂದು ಕ್ಷಣ ನಿಂತಂತೆ ಭಾಸವಾಯಿತು. ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ. ಅವಳು ತಿರುಗಿ ನೋಡಲಿಲ್ಲ.

ಮುಕ್ಕಾಲು ಗಂಟೆಯಾಗಿತ್ತು. ಕಡಲಮೊಲ ನಾಲ್ಕನೇ ಸಲವೋ ಐದನೇ ಸಲವೋ ಆ ಕೈಯ ಹತ್ತಿರ ಬಂತು. ತುಟಿ ಪಾಚಿಯ ಅಂಚಿಗೆ ತಾಗಿತು. ತಲೆ ಎಡಕ್ಕೆ ಹೊರಳಿತು, ಅರ್ಧದಲ್ಲಿ ನಿಂತಿತು. ಮತ್ತೆ ಮುಂದಕ್ಕೆ ಬಂತು. ಬಾಯಿ ತೆರೆಯಿತು, ನಸುಗೆಂಪು ನಾಲಿಗೆ ಹೊರಗೆ ಬಂದು ಪಾಚಿಯನ್ನು ಹಿಡಿದು ಒಳಗೆ ಎಳೆದುಕೊಂಡಿತು. ಮತ್ತೊಮ್ಮೆ ಎಳೆದುಕೊಂಡಿತು. ಎಲೆ ಚೂರುಚೂರೇ ಒಳಗಿಳಿಯತೊಡಗಿತು.

"ಗೀರ್ತಾ ಅದೆ ಕಣವ್ವ ಬೆರಳ," ಕಾಮಾಕ್ಷಮ್ಮ ಅಳುತ್ತ ನಕ್ಕಳು. "ಕರಾ ನೆಕ್ದಂಗೆ. ತಿಂತಾ ಅದೆ ನೋಡು, ತಿಂತಾ ಅದೆ!"

ಧನುಶ್ರೀ ನೋಡುತ್ತ ನಿಂತಳು. ಒಂದೊಂದು ಸಲ ನಾಲಿಗೆ ಎಳೆದುಕೊಂಡಾಗಲೂ ಸುದರ್ಶನ ಕಲಿಸಿದ್ದು ಅಷ್ಟಷ್ಟೇ ಅಳಿಯುತ್ತಿತ್ತು. ಎಲೆ ಪೂರ್ತಿ ಮುಗಿಯುವವರೆಗೆ ಅವಳು ಕಣ್ಣು ಕೀಳಲಿಲ್ಲ.

ಹೊರಡುವ ಮುಂಚೆ ಕಾಮಾಕ್ಷಮ್ಮ ಅವಳ ಫೋನ್ ನಂಬರು ಬರೆಸಿಕೊಂಡಳು. ಮನೆಗೆ ಬಾ ಎಂದು ಕರೆಯಲಿಲ್ಲ. ಧನುಶ್ರೀ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಪರಮಶಿವಯ್ಯನವರು ಬೈದರು. ಒಂದು ವರ್ಷದ ಕೆಲಸವನ್ನು ಒಂದು ಎಲೆಯಲ್ಲಿ ತಿನ್ನಿಸಿಬಿಟ್ಟೆ ಅಂದರು. ನಾನೇ ತಿನ್ನಿಸಿದ್ದು ಸರ್ ಎಂದಳು, ತಾಯಿಯ ಹೆಸರೆತ್ತಲಿಲ್ಲ. ನೆನಪು ಅಳಿದ ಪ್ರಾಣಿಯನ್ನು ಕೊಯ್ದು ಪ್ರಯೋಜನವಿರಲಿಲ್ಲ, ಹಾಗಾಗಿ ಏಳನೇ ತೊಟ್ಟಿಯದು ಉಳಿಯಿತು. ಧನುಶ್ರೀ ಮುಂದೆ ಬಲೆ ಸುತ್ತುವ ಪ್ರಯೋಗವನ್ನೇ ಕೈಬಿಟ್ಟು, ಹೊಟ್ಟೆ ತುಂಬಿತು ಎಂಬ ಸುದ್ದಿ ನರಗಳಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ತನ್ನ ವಿಷಯ ಮಾಡಿಕೊಂಡಳು.

ಕಾಮಾಕ್ಷಮ್ಮ ಮತ್ತೆ ಬರಲಿಲ್ಲ. ಆದರೆ ಪ್ರತಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅವಳ ಫೋನು ಬರುತ್ತಿತ್ತು. ಕುಶಲ ಏನೂ ಇಲ್ಲ, ಒಂದೇ ಪ್ರಶ್ನೆ. "ಉಣ್ತಾ?"

"ಉಂಡಿತು ಅಮ್ಮ. ಎರಡು ಎಲೆ."

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಕಡಲಮೊಲ ತೊಟ್ಟಿಯ ತಳದಲ್ಲಿ ಮುದುಡಿ ಸತ್ತಿತ್ತು. ವಯಸ್ಸಾಗಿತ್ತು, ಅಷ್ಟೇ. ಸೋಮವಾರ ಹೇಳಿಬಿಡಬೇಕು ಎಂದು ಧನುಶ್ರೀ ಮೂರು ದಿನ ಮಾತು ಜೋಡಿಸಿಕೊಂಡಳು. ಒಂದು ಗಂಟೆಗೆ ಫೋನು ಬಂತು.

"ಉಣ್ತಾ ಕಣವ್ವ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ತಟ್ಟೆ ಸರಿಸಿದ ಸದ್ದು ಕೇಳಿತು. "ಬೇಗ್ನೆ ಏಳವ್ವ. ಅದು ಉಂಡ ಮ್ಯಾಲೆ ನಾನು ಕೈ ಇಡಾದು. ಇಷ್ಟ್ ದಿನದಿಂದ ಸೋಮ್ವಾರದ್ ಊಟ ಅಂಗೇ ನಡೀತಾ ಅದೆ."

ಧನುಶ್ರೀ ಖಾಲಿ ತೊಟ್ಟಿಯನ್ನು ನೋಡಿದಳು.

"ಉಂಡಿತು ಅಮ್ಮ," ಅಂದಳು. "ಇವತ್ತು ಮೂರು ಎಲೆ ತಿಂತು."

ಆ ಕಡೆ ಬೆರಳು ಮುದ್ದೆ ಮುರಿಯಿತು, ಸಾರಿಗೆ ಅದ್ದಿತು. ಮುದುಕಿ ನುಂಗುವ ಸದ್ದನ್ನು ಅವಳು ಫೋನು ಕಿವಿಗೆ ಒತ್ತಿಕೊಂಡು ಕೇಳಿದಳು. ಅದಾಗಿ ಎಷ್ಟೋ ಸೋಮವಾರಗಳು ಕಳೆದಿವೆ. ಇವತ್ತಿಗೂ ಆ ಫೋನಿನಲ್ಲಿ ಅದು ಎರಡೋ ಮೂರೋ ಎಲೆ ತಿನ್ನುತ್ತಲೇ ಇದೆ. ಕೆಲವು ಸಲ ಹೇಳುತ್ತ ಹೇಳುತ್ತ ಧನುಶ್ರೀಗೇ ನೀರಿನೊಳಗೆ ಏನೋ ಕತ್ತೆತ್ತಿದಂತೆ ಕಾಣುತ್ತದೆ.